ಹುಣಸಮಾರನಹಳ್ಳಿಯ ಮನೆಗಿದ್ದ ಒಂದೇ ದೋಷ

ಸ್ನೇಹಿತರೇ, ಕೊಳ್ಳಲು ನಮ್ಮ ಬಜೆಟ್ಟಿಗೆ ಹೊಂದುವ ಮನೆ ಇವತ್ತು ಬೆಳಿಗ್ಗೆ ಹುಣಸಮಾರನಹಳ್ಳಿಯಲ್ಲಿ ಕೊನೆಗೂ ಸಿಕ್ಕಿತ್ತು. ಎಲ್ಲ ತೋರಿಸಿದ ಮೇಲೆ ಮಾಲೀಕರು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

"ಮುಚ್ಚಿಡಲ್ಲ ಸಾರ್. ಎದುರ್ಗಡೆ ಮುಸ್ಲಿಮ್ರು, ಪಕ್ಕ ಮಲಯಾಳಿಗಳು, ಇಂದ್ಗಡೆ ಒಡಿಶಾದೋರು. ಇಂಗೆ ಎಲ್ಲಾ ಮಿಕ್ಸು. ಅದಕ್ಕೇ ರೇಟ್ ಕಮ್ಮಿ ಮಾಡಿರೋದು."

ನನ್ನ ಹೆಂಡತಿ ಧಾರವಾಡದವಳು. ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇ ತೀರುತ್ತಾಳೆ. "ಭಾಳ ಛಲೋ ಆತ್ರಿ. ಮಗಳು ಎಲ್ಲಾರ ಕೂಡ ಬೆಳೀಲಿ ಅಂತ ಇಂಥಾ ಓಣಿನೇ ಹುಡುಕಾಕತ್ತಿದ್ವಿ."

ಮಾಲೀಕರು ಮುಂದೆ ಮಾಡಿದ್ದ ಬಾಗಿಲನ್ನು ಪೂರ್ತಿ ತೆರೆದರು. "ಅಂಗಾರೆ ರೇಟು ಇನ್ನೊಂದ್ಸಲ ಮಾತಾಡಣ, ಸಾರ್."

ನಾನು ತಕ್ಷಣ ಅಡುಗೆಮನೆಗೆ ಹೋಗಿ ಗೋಡೆಯಲ್ಲಿ ಬಿರುಕು ಹುಡುಕತೊಡಗಿದೆ.

ಮನೆ ನೋಡಲು ಹೊರಟವರಿಗೊಂದು ಸಲಹೆ: ನೆರೆಹೊರೆಯ ಮೇಲಿನ ಪ್ರೀತಿಯನ್ನು ರಿಜಿಸ್ಟ್ರೇಷನ್ ಮುಗಿಯುವವರೆಗೆ ತೋರಿಸಬೇಡಿ.