ತೀರ್ಪುಗಾರನ ಜೊಂಪು

ಮಧ್ಯಾಹ್ನದ ಊಟವಾದ ಮೇಲೆ ನನಗೆ ಯಾವ ಜವಾಬ್ದಾರಿಯನ್ನೂ ಕೊಡಬಾರದು. ಇದು ನನ್ನ ಹೆಂಡತಿಗೆ ಗೊತ್ತು, ಮಕ್ಕಳಿಗೆ ಗೊತ್ತು, ಮೂವತ್ತೈದು ವರ್ಷ ನಾನು ದುಡಿದ ಕಾರ್ಖಾನೆಯ ಮೇಜಿಗೂ ಗೊತ್ತಿತ್ತು. ಗೊತ್ತಿಲ್ಲದ ಕೆಲವರು ಕಳೆದ ಏಪ್ರಿಲ್ಲಿನಲ್ಲಿ ನನ್ನನ್ನು ತೀರ್ಪುಗಾರನನ್ನಾಗಿ ಮಾಡಿ ಕೂರಿಸಿದರು. ಅಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳಿಕೊಂಡರೆ ಸ್ವಲ್ಪ ಹಗುರವಾದೀತು ಎಂದು ನಿಮ್ಮ ಮುಂದೆ ಕೂತಿದ್ದೇನೆ.

ಪುಣೆಯಲ್ಲಿ ನಾವಿರುವ ನಿಗಡಿ ಬಡಾವಣೆಯ ಒಂದು ಸಂಸ್ಥೆ ಬೇಸಿಗೆ ರಜೆಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಒಂದು ತಿಂಗಳ ಕಲಾ ಶಿಬಿರ ನಡೆಸುತ್ತದೆ. ನಾಟಕದ ವಿಭಾಗಕ್ಕೆ ಹನ್ನೆರಡೇ ಮಕ್ಕಳು. ಬರುವವರು ಐವತ್ತು ಅರವತ್ತು. ಹೀಗಾಗಿ ಆಡಿಷನ್. ಪ್ರತಿ ಮಗುವೂ ಮೂರು ನಿಮಿಷದ ಒಂದು ಪ್ರಸಂಗವನ್ನು ತಾನೇ ಬರೆದು, ತನಗೆ ಬೇಕಾದ ಭಾಷೆಯಲ್ಲಿ ಅಭಿನಯಿಸಿ ತೋರಿಸಬೇಕು. ತೀರ್ಪುಗಾರರು ಮೂವರು: ಕಥಕ್ ಕಲಿಸುವ ಒಬ್ಬ ಮೇಡಂ, ಗಡ್ಡ ಬಿಟ್ಟ ಒಬ್ಬ ತರುಣ ನಿರ್ದೇಶಕ, ಮತ್ತು ನಾನು. ನನ್ನ ಅರ್ಹತೆ ಕೇಳಬೇಡಿ. ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದ ಇನ್‌ಸ್ಪೆಕ್ಟರ್ ಆಗಿದ್ದೆ. ಕಾರ್ಮಿಕರ ನಾಟಕ ಸ್ಪರ್ಧೆಗಳಲ್ಲಿ ಮೀಸೆ ಅಂಟಿಸಿಕೊಂಡು ಪೊಲೀಸ್ ಇನ್‌ಸ್ಪೆಕ್ಟರ್ ಆಗುತ್ತಿದ್ದೆ. ಎರಡೂ ಕಡೆ ನನ್ನ ಕೆಲಸ ಕೊನೆಯಲ್ಲಿ ಬಂದು ತಪ್ಪು ಹಿಡಿಯುವುದು. ಅದನ್ನೇ ಅವರು ರಂಗಾನುಭವ ಎಂದು ತಿಳಿದರೋ ಏನೋ.

ಹೆಂಡತಿ ಮೊದಲೇ ಎಚ್ಚರಿಸಿದ್ದಳು. "ನೋಡ್ರಿ, ಮುಂಜಾನಿದಷ್ಟ ಒಪ್ಕೊಳ್ರಿ. ಊಟಾ ಆತಂದ್ರ ನಿಮ್ಮ ಕಣ್ಣು ನಿಮ್ಮ ಮಾತು ಕೇಳೂದಿಲ್ಲ" ಎಂದಿದ್ದಳು. ಅರವತ್ತೇಳರ ವಯಸ್ಸಿನಲ್ಲಿ ಯಾರಾದರೂ ಕರೆದರೆ ಅರ್ಧ ದಿನ ಸಾಕು ಎನ್ನಲು ನಾಲಿಗೆ ಏಳುವುದಿಲ್ಲ. ಇಡೀ ದಿನಕ್ಕೆ ಹೂಂ ಎಂದೆ.

ಬೆಳಿಗ್ಗೆ ಒಂಬತ್ತಕ್ಕೆ ಅಳು ಶುರುವಾಯಿತು. ಈಗಿನ ಮಕ್ಕಳಿಗೆ ಯಾರು ಹೇಳಿಕೊಟ್ಟಿದ್ದಾರೋ, ಅಭಿನಯ ಎಂದರೆ ಅಳುವುದು ಎಂದು ನಂಬಿಬಿಟ್ಟಿದ್ದಾರೆ. ಬಂದ ಮಗು ಬಾಗಿಲಲ್ಲಿ ನಗುತ್ತದೆ, ನಮಸ್ಕಾರ ಹೇಳುತ್ತದೆ, ಮೂರೆಣಿಸುವುದರೊಳಗೆ ಮೊಣಕಾಲೂರಿ "ಆಯೀ" ಎಂದು ಚೀರುತ್ತದೆ. ಊಟದ ಹೊತ್ತಿಗೆ ಒಂಬತ್ತು ತಾಯಂದಿರು ತೀರಿಕೊಂಡಿದ್ದರು. ನಿಜವಾದ ತಾಯಂದಿರು ಹೊರಗೆ ಬೇವಿನ ಮರದ ನೆರಳಲ್ಲಿ ನೀರಿನ ಬಾಟಲಿ, ಟಿಫಿನ್ ಡಬ್ಬಿ ಹಿಡಿದು ಗಟ್ಟಿಮುಟ್ಟಾಗಿ ಕೂತಿದ್ದರು. ಮೊದಲನೆಯ ಸಾವಿಗೆ ನಾನು ಕರವಸ್ತ್ರ ತೆಗೆದಿದ್ದೆ. ಐದನೆಯದಕ್ಕೆ ನಾನು ಗಡಿಯಾರ ನೋಡಿದೆ. ದುಃಖವೂ ಬೇಸರ ತರಿಸುತ್ತದೆ ಎಂದು ತಿಳಿದಾಗ ಮನುಷ್ಯನಿಗೆ ತನ್ನ ಬಗ್ಗೆಯೇ ಸ್ವಲ್ಪ ನಾಚಿಕೆಯಾಗುತ್ತದೆ.

ಊಟಕ್ಕೆ ಮಸಾಲೆ ಭಾತ್, ಪೂರಿ, ಬಟಾಟೆ ಭಾಜಿ, ಶ್ರೀಖಂಡ. ಶ್ರೀಖಂಡವನ್ನು ಕಂಡುಹಿಡಿದವನಿಗೆ ಮಧ್ಯಾಹ್ನದ ಮೇಲೆ ಯಾವ ಕೆಲಸವೂ ಇರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಊರಿನ ಹಳೇ ಪೇಟೆಗಳಲ್ಲಿ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ ಎಂಬ ಫಲಕವನ್ನು ಯಾವ ಸಂಕೋಚವೂ ಇಲ್ಲದೆ ತೂಗುಹಾಕುತ್ತಾರೆ. ಹೊರಗಿನವರು ಇದನ್ನು ಗೇಲಿ ಮಾಡುತ್ತಾರೆ. ನನಗೆ ಮಾತ್ರ ಪುಣೆಯಲ್ಲಿ ನೆಲೆ ನಿಲ್ಲಬೇಕು ಅನಿಸಿದ್ದೇ ಆ ಫಲಕ ನೋಡಿ. ಊಟದ ಮೇಲೆ ಎಡಮಗ್ಗುಲಾಗಿ ಉರುಳುವುದಕ್ಕೆ ಇಲ್ಲಿ ವಾಮಕುಕ್ಷಿ ಎಂಬ ಘನವಾದ ಹೆಸರಿದೆ. ನಾವು ಕನ್ನಡಿಗರೂ ಹಿಂದೆ ಬಿದ್ದವರಲ್ಲ. ಜೊಂಪು, ಮಂಪರು, ತೂಕಡಿಕೆ, ಕೋಳಿನಿದ್ದೆ ಎಂದು ಒಂದೊಂದು ಹದಕ್ಕೂ ಒಂದೊಂದು ಮಾತು ಇಟ್ಟುಕೊಂಡಿದ್ದೇವೆ. ದೇವರು ಹಾವಿನ ಮೇಲೆ ಮಲಗಿದರೆ ಯೋಗನಿದ್ರೆ ಎನ್ನುತ್ತೇವೆ. ನಾಟ್ಯದ ಲಕ್ಷಣ ಬರೆದ ಹಿರಿಯರು ಮೂವತ್ತಮೂರು ಸಂಚಾರಿ ಭಾವಗಳ ಪಟ್ಟಿಯಲ್ಲಿ ನಿದ್ರೆಗೂ ಒಂದು ಜಾಗ ಕೊಟ್ಟಿದ್ದಾರೆ. ಆದರೆ ಅದೆಲ್ಲ ನಟನಿಗೆ ಹೇಳಿದ್ದು. ನಟ ಆಡುತ್ತಿರುವಾಗ ಎದುರು ಕೂತವನಿಗೆ ಆ ಭಾವ ಬಂದರೆ ಏನು ಮಾಡಬೇಕು ಎಂದು ಅವರು ಎಲ್ಲಿಯೂ ಬರೆದಂತಿಲ್ಲ.

ನಲವತ್ತೊಂದನೆಯ ಸಂಖ್ಯೆ ಕರೆದದ್ದು ನೆನಪಿದೆ. ಎರಡು ಜಡೆಯ, ತೆಳ್ಳಗಿನ ಒಬ್ಬಳು ಹುಡುಗಿ ಒಳಗೆ ಬಂದು, ಯಾಕೋ ನನ್ನ ಕಡೆಯೇ ನೋಡಿ ಚೂರು ನಕ್ಕದ್ದೂ ನೆನಪಿದೆ. ಆಮೇಲೆ ಫ್ಯಾನಿನ ಸದ್ದು. ಆಮೇಲೆ ಪಕ್ಕದಲ್ಲಿ ಎರಡು ಪೆನ್ನುಗಳು ಕಾಗದದ ಮೇಲೆ ಓಡುವ ಸದ್ದು. ಕಣ್ಣು ಬಿಟ್ಟರೆ ಹುಡುಗಿ ಕೈಮುಗಿದು ಹೊರಗೆ ಹೋಗುತ್ತಿದ್ದಾಳೆ. ಎಲ್ಲರೂ ಬರೆಯುತ್ತಿದ್ದಾರೆ, ನಾನು ಬರೆಯದಿದ್ದರೆ ಹೇಗೆ? ಹತ್ತಕ್ಕೆ ಆರೂವರೆ ಎಂದು ಬರೆದೆ. ಆರೂವರೆ ಭಾಳ ಸಭ್ಯವಾದ ಅಂಕ. ಕೊಟ್ಟವನನ್ನು ಯಾರೂ ಕಾರಣ ಕೇಳುವುದಿಲ್ಲ, ಪಡೆದವರು ಯಾರಿಗೂ ತೋರಿಸುವುದಿಲ್ಲ. ಮೂವತ್ತೈದು ವರ್ಷ ಒಂದು ಬೋಲ್ಟನ್ನೂ ಅಳೆಯದೆ ಪಾಸು ಮಾಡದಿದ್ದ ನಾನು ಒಂದು ಮಗುವನ್ನು ನೋಡದೆಯೇ ಅಳೆದುಬಿಟ್ಟಿದ್ದೆ.

ಐದು ಗಂಟೆಗೆ ಮೂವರೂ ಪಟ್ಟಿ ಮಾಡಲು ಕೂತೆವು. ಮಾತೆಲ್ಲ ಮರಾಠಿಯಲ್ಲೇ. ಹನ್ನೊಂದು ಹೆಸರು ಬೇಗ ತೀರ್ಮಾನವಾದವು. ಹನ್ನೆರಡನೆಯ ಜಾಗಕ್ಕೆ ಇಬ್ಬರು ಉಳಿದರು: ಬೆಳಿಗ್ಗೆ ಅತ್ಯಂತ ಚೆನ್ನಾಗಿ ಅತ್ತಿದ್ದ ಒಬ್ಬ ಹುಡುಗ, ಮತ್ತು ನಲವತ್ತೊಂದನೆಯ ಸಂಖ್ಯೆಯ ಹುಡುಗಿ.

"ಹುಡುಗಿಯ ಮುಖ, ಕೈ ಎಲ್ಲ ಮಾತಾಡುತ್ತವೆ" ಎಂದರು ಮೇಡಂ. "ಆದರೆ ಶುರುವಿನಲ್ಲಿ ಒಂದೆರಡು ವಾಕ್ಯ ಬಿಟ್ಟರೆ ದನಿಯೇ ಇಲ್ಲ. ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಅದೂ ಕನ್ನಡ, ನಮಗೆ ಅರ್ಥವಾಗಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಸರ್, ಭಾಷಾ ತುಮಚೀ. ತುಮ್ಹೀಚ ಸಾಂಗಾ" ಎಂದರು. ನಿಮ್ಮ ಭಾಷೆ, ನೀವೇ ಹೇಳಿ.

ಕನ್ನಡ! ಇಡೀ ದಿನದಲ್ಲಿ ಕನ್ನಡದಲ್ಲಿ ಬಾಯಿ ತೆರೆದವಳು ಅವಳೊಬ್ಬಳೇ. ಆ ಕೋಣೆಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಆ ಮೂರು ನಿಮಿಷ ನಾನು ಅಲ್ಲಿರಲಿಲ್ಲ.

ಆಗಲೇ ಒಪ್ಪಿಕೊಂಡಿದ್ದರೆ ಮಾನ ಅಷ್ಟಾದರೂ ಉಳಿಯುತ್ತಿತ್ತು. ನಾನು ಗಂಭೀರವಾಗಿ ಕನ್ನಡಕ ತೆಗೆದು ಒರೆಸಿ, "ವಿಷಯ ಒಳ್ಳೆಯದಿತ್ತು" ಎಂದೆ.

"ಏನು ವಿಷಯ?" ನಿರ್ದೇಶಕ ಕೇಳಿದ.

ಬೆಳಿಗ್ಗೆಯಿಂದ ಕಂಡ ಅನುಭವದ ಬಲದ ಮೇಲೆ "ತಾಯಿ" ಎಂದೆ.

"ಮಸಾಲೆ, ವಡೆ ಅಂತೇನೋ ಅಂದ ಹಾಗಿತ್ತಲ್ಲ?" ಮೇಡಂ ಹುಬ್ಬೇರಿಸಿದರು.

"ಹೌದು, ತಾಯಿ ಅಡುಗೆ ಮಾಡುತ್ತಿರುತ್ತಾಳೆ."

ನಿರ್ದೇಶಕ ನಿಟ್ಟುಸಿರು ಬಿಟ್ಟ. "ಮತ್ತೆ ತಾಯಿ! ಹಾಗಾದರೆ ಹುಡುಗನೇ ಇರಲಿ, ಅವನ ದನಿಯಾದರೂ ಕೇಳುತ್ತದೆ" ಎಂದು ಪೆನ್ನಿನ ಮುಚ್ಚಳ ತೆಗೆದ.

ಆ ಪೆನ್ನು ಕಾಗದಕ್ಕೆ ತಾಗುವ ಮೊದಲು ನನಗೆ ಆದ ಸಂಕಟವನ್ನು ನಾನು ನಿಮಗೆ ಹೇಗೆ ಹೇಳಲಿ? ನಿದ್ದೆಹೋಗಿದ್ದು ದೇಹದ ತಪ್ಪು, ಅದಕ್ಕೆ ವಯಸ್ಸಿನ ಮೇಲೆ ದೂರು ಹೇಳಬಹುದಿತ್ತು. ಈ ತಾಯಿಯನ್ನು ಹುಟ್ಟಿಸಿದವನು ಮಾತ್ರ ಪೂರ್ತಿ ಎಚ್ಚರವಾಗಿದ್ದ ನಾನು. ಹುಡುಗಿಯ ಒಂದು ತಿಂಗಳು ನನ್ನ ಒಂದು ಸುಳ್ಳಿನಿಂದ ಕೈಬಿಟ್ಟು ಹೋಗುತ್ತಿತ್ತು. "ಮೀ ಝೋಪಲೋ ಹೋತೋ" ಎಂದೆ. ನಾನು ಮಲಗಿದ್ದೆ.

ಇಬ್ಬರೂ ನನ್ನನ್ನು ನೋಡಿದರು. ನಿರ್ದೇಶಕ ಮುಚ್ಚಳವನ್ನು ಮತ್ತೆ ಹಾಕಿ, "ಹುಡುಗನ ಸರದಿಯಲ್ಲಿ?" ಎಂದ. "ಎಚ್ಚರವಿದ್ದೆ. ಅವನು ಅಷ್ಟು ಜೋರಾಗಿ ಅಳುವಾಗ ಮಲಗುವುದು ಸಾಧ್ಯವಿರಲಿಲ್ಲ" ಎಂದು ನಿಜವನ್ನೇ ಹೇಳಿದೆ. ಒಬ್ಬರಿಗೆ ಎರಡು ಅವಕಾಶ ಕೊಟ್ಟರೆ ಉಳಿದವರು ಏನು ತಪ್ಪು ಮಾಡಿದರು ಎಂದು ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು. ಉಳಿದವರಿಗೆ ಮೂವರು ತೀರ್ಪುಗಾರರು ಸಿಕ್ಕಿದ್ದರು, ಇವಳಿಗೆ ಇಬ್ಬರೇ ಎಂದರು ಮೇಡಂ. ಕೊನೆಗೆ ಅವಳನ್ನು ಮತ್ತೆ ಕರೆಯುವುದು, ಅವಳ ಮಟ್ಟಿಗೆ ನನ್ನ ಅಂಕ ಲೆಕ್ಕಕ್ಕಿಲ್ಲ, ನಾನು ಮಾತನ್ನು ಅನುವಾದಿಸಿ ಹೇಳುವುದು ಎಂದು ಒಪ್ಪಂದವಾಯಿತು. ಇನ್‌ಸ್ಪೆಕ್ಟರಿಗೆ ದುಭಾಷಿಯಾಗಿ ಹಿಂಬಡ್ತಿ. ಕರೆಯುವ ಕೆಲಸವೂ ನನ್ನದೇ.

ಆರು ಗಂಟೆಯ ಫಲಿತಾಂಶಕ್ಕಾಗಿ ಮಕ್ಕಳೆಲ್ಲ ಕಾಯುತ್ತಿದ್ದರು. ಅವಳು ವರಾಂಡದ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತು, ನಿನ್ನ ಹೊತ್ತಿನಲ್ಲಿ ನನಗೆ ನಿದ್ದೆ ಹತ್ತಿತ್ತು, ತಪ್ಪಾಯಿತು ಎಂದೆ.

"ಗೊತ್ತು ಸರ್. ಪರ್ವಾಗಿಲ್ಲ, ನಿಮಗೆ ಸುಸ್ತಾಗಿತ್ತು" ಎಂದಳು.

"ಗೊತ್ತಿತ್ತಾ? ಮತ್ತ ಗಟ್ಟಿಯಾಗಿ ಮಾತಾಡಿ ಎಬ್ಬಿಸೂದಲ್ಲೇನು?"

"ಎಬ್ಬಿಸುದಾ?" ಎಂದು ಬೆರಗಾಗಿ ನೋಡಿದಳು. "ಅಪ್ಪ ನಾಲ್ಕು ಗಂಟೆಗೆ ಏಳ್ತಾರೆ ಸರ್, ಇಡ್ಲಿ ಹಿಟ್ಟು ನೋಡ್ಲಿಕ್ಕೆ. ಮಧ್ಯಾಹ್ನ ಹೋಟ್ಲು ಬಾಗಿಲು ಹಾಕಿದ ಮೇಲೆ ಎರಡು ಗಂಟೆ ಮಾತ್ರ ಮಲಗುದು. ನಮ್ಮದು ಒಂದೇ ರೂಮು. ಆಗ ನಾವ್ಯಾರೂ ಜೋರು ಮಾತಾಡುದಿಲ್ಲ. ನಿಮ್ಮ ಕಣ್ಣು ಮುಚ್ಚಿದ್ದು ಕಂಡ ಕೂಡ್ಲೆ ನನ್ನ ಸ್ವರ ತನ್ನಷ್ಟಕ್ಕೆ ಸಣ್ಣ ಆಯ್ತು."

ಉಡುಪಿ ಕಡೆಯಿಂದ ಬಂದು ಪುಣೆಯ ಇನ್ನೊಂದು ತುದಿಯ ಕೊಂಢವಾದಲ್ಲಿ ಹೋಟೆಲ್ ಇಟ್ಟವರ ಮಗಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಕನ್ನಡದಲ್ಲೇ ಯಾಕೆ ಮಾಡಿದೆ ಎಂದು ಕೇಳಿದೆ. ಕೇಳಬಾರದಿತ್ತು.

"ಬೋರ್ಡಿನಲ್ಲಿ ನಿಮ್ಮ ಹೆಸರಿನ ಕೊನೆಗೆ ‘ಮಠ’ ಅಂತ ಇತ್ತು. ಕನ್ನಡದವ್ರು ಇದ್ದಾರೆ ಅಂತ ಖುಷಿಯಾಯ್ತು. ಮೊದ್ಲು ಮರಾಠಿಯಲ್ಲಿ ಬರ್ದಿದ್ದೆ."

ನನಗೆ ಅಲ್ಲೇ ಮೆಟ್ಟಿಲಿನೊಳಗೆ ಇಳಿದುಹೋಗಬೇಕು ಅನಿಸಿತು. ಇಡೀ ದಿನದ ದಣಿವು ಒಮ್ಮೆಗೇ ಹೆಗಲ ಮೇಲೆ ಬಂತು. ಎದ್ದು ನಿಂತು, "ಬಾರವ್ವಾ, ಇನ್ನೊಮ್ಮೆ ಮಾಡು. ಈ ಸಲ ನಾನು ಕಣ್ಣು ಮುಚ್ಚಿದೆನಂದ್ರ ನೀನು ಸುಮ್ಮನಿರಬೇಡ" ಎಂದೆ. ಅವಳು ಹೆಜ್ಜೆ ಸದ್ದಾಗದಂತೆ ನನ್ನ ಹಿಂದೆ ಬಂದಳು. ದೊಡ್ಡವರನ್ನು ಎಬ್ಬಿಸುವ ಅಭ್ಯಾಸ ಇಲ್ಲದ ಮಗು.

ಒಳಗೆ ಬಂದು ನಿಂತವಳು ಹೆಗಲ ಮೇಲೆ ಇಲ್ಲದ ಟವೆಲ್ಲನ್ನು ಹಾಕಿಕೊಂಡಳು. ಎಡಗೈ ಉದ್ದಕ್ಕೆ ಇಲ್ಲದ ನಾಲ್ಕು ತಟ್ಟೆ ಜೋಡಿಸಿದಳು. ಅವಳ ಪ್ರಸಂಗದಲ್ಲಿ ತಾಯಿಯೂ ಇರಲಿಲ್ಲ, ಸಾವೂ ಇರಲಿಲ್ಲ. ಮಧ್ಯಾಹ್ನದ ಗಿರಾಕಿಗಳ ನಡುವೆ ಓಡಾಡುವ ಒಬ್ಬ ಸಪ್ಲಾಯರ್ ಇದ್ದ. ಒಬ್ಬರಿಗೆ ಸಾಂಬಾರು ಬೇರೆ ಬೇಕು, ಒಬ್ಬರಿಗೆ ಚಟ್ನಿ ಹುಳಿಯಾಗಿದೆ, ಒಬ್ಬರು ಪೇಪರ್ ಓದುತ್ತ ಕೂತವರು ಏಳುವುದೇ ಇಲ್ಲ. ಮೊದಲ ವಾಕ್ಯ ಅಳುಕಿನಿಂದಲೇ ಬಂತು. ನಾನು ಕಣ್ಣನ್ನು ಆದಷ್ಟು ಅಗಲ ಮಾಡಿ ಕೂತೆ. ಅವಳು ನನ್ನನ್ನು ಒಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಹೊಟ್ಟೆಯೊಳಗಿಂದ ಒಂದು ಕೂಗು ಹಾಕಿದಳು:

"ಎರಡು ಮಸಾಲೇ... ಒಂದು ವಡೇ... ಮೂರನೇ ಟೇಬಲ್ಲಿಗೆ ಒಂದು ಸ್ಟ್ರಾಂಗ್ ಕಾಫೀ! ಅಜ್ಜ ಮಲಗಿದ್ದಾರೇ... ಬೇಗಾ!"

ಮೂರನೆಯ ಕುರ್ಚಿ ನನ್ನದು. ಕೂಗಿಗೆ ವಾಚ್‌ಮನ್ ಬಾಗಿಲಲ್ಲಿ ಬಂದು ಇಣುಕಿದ. ಮೇಡಂ, "ಏನಂದಳು, ಯಾರಿಗೆ ಕಾಫಿ?" ಎಂದರು. ನನಗೆ ಎಂದು ಅನುವಾದಿಸಿದೆ. ಅವರು ನಕ್ಕ ನಗುವಿಗೆ ಮೇಜಿನ ಮೇಲಿದ್ದ ಕಾಗದಗಳು ಹಾರಿಹೋದವು. ನಿರ್ದೇಶಕ ನಗಲಿಲ್ಲ, ಪೆನ್ನಿನ ಮುಚ್ಚಳ ತೆಗೆದು ಅವಳ ಹೆಸರು ಬರೆದ.

ಆರು ಗಂಟೆಗೆ ಪಟ್ಟಿ ಓದಿದಾಗ ಆ ಹುಡುಗ ಅಳಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು, ತಾಯಿಯ ಕೈಯಿಂದ ಬಾಟಲಿ ತೆಗೆದುಕೊಂಡು ನಿಧಾನ ನೀರು ಕುಡಿದ. ಬೆಳಿಗ್ಗೆ ಮಡಚಿಟ್ಟಿದ್ದ ಕರವಸ್ತ್ರವನ್ನು ನಾನು ಮತ್ತೆ ತೆಗೆದೆ. ಆ ದಿನ ಯಾರಿಗೂ ಪೂರ್ತಿ ನ್ಯಾಯ ಕೊಡುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದೆ. ನಾನು ಹೇಳಿರಲಿಲ್ಲೇನು ಎಂದು ಮನಸಾರೆ ನಕ್ಕಳು. ನಗು ನಿಂತ ಮೇಲೆ, ಎಂದೂ ಕೇಳದಿದ್ದುದನ್ನು ಕೇಳಿದೆ: "ನಾ ಮಧ್ಯಾಹ್ನ ಮಲಗಿದಾಗ ನೀ ಏನ್ ಮಾಡ್ತಿ?"

"ಏನ್ ಮಾಡ್ತೀನ್ರಿ? ನೀವು ಏಳೂ ಹಾದಿ ಕಾಯ್ತೀನಿ. ಮಿಕ್ಸರ್ ಹಚ್ಚಬೇಕಲ್ಲ."

"ಇಷ್ಟು ವರ್ಷದಿಂದ?"

"ಮೊದಲ ಮಿಕ್ಸರ್ ಎಲ್ಲಿತ್ತು? ಒಳಕಲ್ಲಿತ್ತು" ಎಂದು ಅವಳು ಒಳಗೆ ಹೋದಳು.

ಮರುದಿನ ಊಟವಾದ ಮೇಲೆ ನಾನೇ ಮಿಕ್ಸರಿನ ಸ್ವಿಚ್ ಒತ್ತಿ, ಹೋಗಿ ಎಡಮಗ್ಗುಲಾಗಿ ಮಲಗಿದೆ. ಶೇಂಗಾ, ಒಣಮೆಣಸಿನಕಾಯಿ ಸೇರಿ ಮನೆಯೆಲ್ಲ ಗರಗರ ಎಂದಿತು. ನಿದ್ದೆ ಬರಲಿಲ್ಲ. ಮಗ್ಗುಲು ಬದಲಿಸಿದೆ, ಆಗಲೂ ಬರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅವಳ ದನಿ ಬಂತು, ಮಧ್ಯಾಹ್ನ ಎರಡೂವರೆ ಗಂಟೆಗೆ ನಾನು ಎಂದೂ ಕೇಳಿರದಷ್ಟು ದೊಡ್ಡದಾಗಿ:

"ಎಚ್ಚರ ಇದ್ದೀರಂದ್ರ ಇಲ್ಲೆ ಬರ್ರಿ, ಬಳ್ಳೊಳ್ಳಿ ಸುಲೀರಿ!"

ಎದ್ದು ಹೋಗಿ ಸುಲಿದೆ.