ಕಾರ್ಡಿನಕ್ಕ ಒಪ್ಪಿಕೊಂಡ ತಪ್ಪು

ಅವಳ ಬಲಗೈ ಹೆಬ್ಬೆರಳಿನ ತುದಿ ಸ್ಟಾಂಪ್ ಪ್ಯಾಡಿನ ಶಾಯಿಯಿಂದ ಸದಾ ನೇರಳೆ. ಶಿರಸಿಯ ಆಸ್ಪತ್ರೆಯೊಂದರಲ್ಲಿ ರೋಗಿಗಳ ಕಾರ್ಡುಗಳನ್ನು ನೋಡಿಕೊಳ್ಳುತ್ತಿದ್ದಳು. ನಮಗೆಲ್ಲ ಕಾರ್ಡಿನಕ್ಕ. ಒಂದು ಕಡೆ ಕೂತವಳಲ್ಲ. ಹೊರಗೆ ಹೋದ ಕಾರ್ಡು ಕಪಾಟಿಗೆ ಮರಳುವವರೆಗೆ ಹತ್ತು ಸಲ ಬಾಗಿಲಿಗೆ ಬಂದು ಇಣುಕುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ಆ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನಗೆ ಸಿಕ್ಕಿತು. ಕಾರ್ಡು ಮರೆತು ಬಂದವರಿಗೆ ಹೊಸದು ಮಾಡಿಕೊಟ್ಟು ಒಬ್ಬೊಬ್ಬರಿಗೆ ಎರಡು ಮೂರು ಆಗಿದ್ದವು. ಒಬ್ಬರಿಗೆ ಒಂದೇ ದಾಖಲೆ ಇರಲಿ ಎಂದರು ಡಾಕ್ಟರು. ಹೆಸರು, ತಂದೆಯ ಹೆಸರು, ಊರು ಮೂರೂ ಕಂಪ್ಯೂಟರಿನಲ್ಲಿ ಮೊದಲೇ ಇದ್ದರೆ ಹೊಸ ದಾಖಲೆ ಒಳಗೆ ಹೋಗದಂತೆ ಮಾಡಿದೆ. ಕೇಳದೆ, ಹೇಳದೆ, ಕಂಪ್ಯೂಟರು ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ನನಗೋ ಭಾರಿ ಹೆಮ್ಮೆ. ಕಾರ್ಡಿನಕ್ಕನಿಗೆ ಮಾತ್ರ ಸಮಾಧಾನವಿಲ್ಲ. ದಿನಕ್ಕೆ ನಾಲ್ಕು ಸಲ ನನ್ನ ಕುರ್ಚಿಯ ಹಿಂದೆ ನಿಂತು, ಬಿಟ್ಟುಹೋದ ಕಾರ್ಡು ಯಾರದೆಂದು ಕೇಳುತ್ತಿದ್ದಳು. ನಾನು ತಿರುಗಿಯೂ ನೋಡುತ್ತಿರಲಿಲ್ಲ.

ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ. ತಲೆಮಾರುಗಳು ಹೀಗೇ ನಡೆದ ಮನೆಯಲ್ಲಿ ಅಜ್ಜ, ಮೊಮ್ಮಗ ಇಬ್ಬರ ಹೆಸರೂ ಒಂದೇ, ಇಬ್ಬರ ತಂದೆಯ ಹೆಸರೂ ಒಂದೇ. ನನಗಿರುವುದೂ ಅಜ್ಜನ ಹೆಸರೇ. ಆದರೂ ಹೊಳೆಯಲಿಲ್ಲ ನೋಡಿ.

ಕಾನಸೂರಿನ ಮುದುಕರೊಬ್ಬರು ಜ್ವರವೆಂದು ಬಂದರು. ಮೊಮ್ಮಗನ ದಾಖಲೆ ಮೊದಲು ಏರಿದ್ದರಿಂದ ಅಜ್ಜನದು ಒಳಗೇ ಹೋಗಿರಲಿಲ್ಲ. ಕಂಪ್ಯೂಟರು ತೋರಿಸಿದ ಮೊಮ್ಮಗನ ವಿವರವನ್ನೇ ನಂಬಿ ನರ್ಸು ಪೆನಿಸಿಲಿನ್ ಸೂಜಿ ಎತ್ತಿದ್ದಳು. ಮುದುಕರು ಒಳಗೆ ಹೋದದ್ದನ್ನು ಕಂಡಿದ್ದ ಕಾರ್ಡಿನಕ್ಕ ಹಳೆಯ ಕಾರ್ಡು ಹಿಡಿದು ಓಡಿ ಬಂದು ಆ ಕೈ ಹಿಡಿದಳು. ಪೆನಿಸಿಲಿನ್ ಒಗ್ಗದು, ಕೊಡಬಾರದು ಎಂದು ಅದರಲ್ಲಿ ಕೆಂಪು ಅಕ್ಷರದಲ್ಲಿ ಬರೆದಿತ್ತು.

ಡಾಕ್ಟರು ಕೆಂಡವಾದರು. ಯಾರ ತಪ್ಪು ಎಂದು ಕೇಳಿದರು. ಎರಡೂ ಕಾರ್ಡು ಒಬ್ಬರದೇ ಎಂದುಕೊಂಡು ಒಂದನ್ನು ತೆಗೆದಿಟ್ಟವಳು ತಾನೇ ಎಂದುಬಿಟ್ಟಳು ಅವಳು. ನಾನು ತುಟಿ ಬಿಚ್ಚಲಿಲ್ಲ. ಮರುದಿನವೇ ಅವಳನ್ನು ಹಾಸಿಗೆ ಬಟ್ಟೆ ಎಣಿಸುವ ಕೋಣೆಗೆ ಹಾಕಿದರು.

ಅಲ್ಲಿಗೆ ಹೋಗಿ ನಿಂತೆ. ತಲೆ ಎತ್ತದೆ ಹೇಳಿದಳು: "ನಿಂದು ಕೆಲ್ಸ ಇನ್ನೂ ಕಾಯಂ ಆಜಿಲ್ಲೆ ತಮಾ. ಹೆಸ್ರು ಒಂದೇ ಆದ ಮಾತ್ರಕ್ಕೆ ಮನ್ಷ ಒಬ್ನೇ ಅಲ್ಲ. ಅನುಮಾನ ಬಂದ್ರೆ ಬಿಡಡ, ಕೇಳು."

ಅಂದೇ ಪ್ರತಿ ರೋಗಿಗೂ ಬೇರೆ ನಂಬರು ಕೊಟ್ಟೆ. ಅದೇ ಹೆಸರು ಮತ್ತೆ ಬಂದರೆ ಕಂಪ್ಯೂಟರು ತಡೆದು, ಹಳೆಯ ದಾಖಲೆ ತೋರಿಸಿ, ಇವರೇನಾ ಎಂದು ಕೇಳುವಂತೆ ಮಾಡಿದೆ. ಡಾಕ್ಟರು ಬೆನ್ನು ತಟ್ಟಿದರು. ನನ್ನ ಕೆಲಸ ಕಾಯಂ ಆಯಿತು. ಅವಳು ಬಟ್ಟೆಯ ಕೋಣೆಯಿಂದಲೇ ನಿವೃತ್ತಳಾದಳು. ಅದನ್ನು ನೆನೆದರೆ ಇಂದಿಗೂ ಕೂತಲ್ಲಿ ಕೂರಲಾಗುವುದಿಲ್ಲ.

ಕೆಲವು ವರ್ಷಗಳ ನಂತರ ಅವಳು ತೀರಿಕೊಂಡ ಸುದ್ದಿ ಕೇಳಿ ಮನೆಗೆ ಹೋದೆ. ಮಗ ಕೂರಿಸಿ ಮಾತಾಡಿಸಿದ. "ಅಷ್ಟು ವರ್ಷದ ಕೆಲ್ಸದಲ್ಲಿ ಆಯಿ ಮಾಡಿದ್ದು ಆ ಕಾರ್ಡಿಂದೊಂದೇ ತಪ್ಪಡ," ಎಂದು ಅವಳು ಹೇಳಿದ್ದನ್ನೇ ಹೇಳಿದ.

ಹೌದು ಎಂದು ತಲೆಯಾಡಿಸಿ ಎದ್ದು ಬಂದೆ.