ತಳ ಹಿಡಿದ ಬಸ್ಸಾರು

ಇವತ್ತು ಬೆಳಿಗ್ಗೆ ದೇವರಿಗೆ ಹೂವು ಏರಿಸುತ್ತಿದ್ದಾಗ ಅಡುಗೆಮನೆಯಿಂದ ಸಾರು ತಳ ಹಿಡಿದ ವಾಸನೆ ಬಂತು. ಪೂಜೆ ಅರ್ಧಕ್ಕೆ ಬಿಟ್ಟು ಓಡಿದೆ. ಪಾತ್ರೆ ಉಳಿಯಿತು, ಮೇಲಿನ ಅರ್ಧ ಸಾರೂ ಉಳಿಯಿತು. ಅಷ್ಟಾದರೂ ದೇವರು ಕಾಯ್ದ. ಆದರೆ ಆ ವಾಸನೆಯ ಹಿಂದೆಯೇ ಶಿಡ್ಲಘಟ್ಟದ ನಮ್ಮ ಓನರಮ್ಮ ನೆನಪಿಗೆ ಬಂದರು... ಬೇಡವೆಂದರೂ.

ಆಕೆಯ ಮೇಲೆ ನನಗೆ ಗೌರವವಿತ್ತು ಎಂದು ಬರೆದರೆ ದೇವರು ಮೆಚ್ಚುವುದಿಲ್ಲ. ಮದುವೆಯಾದ ಹೊಸತರಲ್ಲಿ ಅವರ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಅವರೆಕಾಳು, ಸಬ್ಬಸಿಗೆ ಸೊಪ್ಪು ಬೇಯಿಸಿ ಬಸಿದ ನೀರಿನಲ್ಲಿ ಅವರು ಮಾಡುತ್ತಿದ್ದ ಬಸ್ಸಾರು ಮೊದಲ ದಿನ ನಿಜಕ್ಕೂ ರುಚಿ. ಮರುದಿನ ಕುದಿಸಿದರೆ ಇನ್ನೂ ರುಚಿ, ಎಲ್ಲರ ಮನೆಯಲ್ಲೂ ಹಾಗೆಯೇ. ಈಕೆ ಐದನೇ ದಿನವೂ ಕುದಿಸುತ್ತಿದ್ದರು. ನೀರು ಸುರಿಯುವುದು, ಕುದಿಸುವುದು, ಮತ್ತೆ ಸುರಿಯುವುದು... ಕೊನೆಗೆ ಕಪ್ಪಗೆ ಅಂಟಾದದ್ದನ್ನು ಮುದ್ದೆಗೆ ಹಚ್ಚಿಕೊಂಡು, "ಹೊಸ ಸಾರಿಗೆ ಈ ರುಚಿ ಎಲ್ಲಿಂದ ಬರ್ಬೇಕು ಕಣೇ?" ಎನ್ನುತ್ತಿದ್ದರು.

ಸಿಟ್ಟನ್ನೂ ಹಾಗೆಯೇ ಇಟ್ಟುಕೊಂಡಿದ್ದರು. ಮೇಲೂರಿಗೆ ಮದುವೆ ಮಾಡಿ ಕೊಟ್ಟಿದ್ದ ಅವರ ತಂಗಿ, ಸಂಕ್ರಾಂತಿಗೆ ಮುಂಚೆ ತಮ್ಮ ಹೊಲದ ಮೊದಲ ಕೊಯ್ಲಿನ ಅವರೆಕಾಯಿಯನ್ನು ಅಕ್ಕನ ಮನೆಗೆ ಕಳಿಸುವುದು ರೂಢಿ. ಒಂದು ವರ್ಷ ಮೊದಲ ಕೊಯ್ಲು ಚಿಂತಾಮಣಿಯಲ್ಲಿದ್ದ ತಂಗಿಯ ನಾದಿನಿ ಮನೆಗೆ ಹೋಗಿ, ಅಕ್ಕನಿಗೆ ಎರಡನೆಯದು ಬಂತು. ಅಷ್ಟೇ. ಆಸ್ತಿಯಲ್ಲ, ಒಡವೆಯಲ್ಲ, ಒಂದು ಚೀಲ ಅವರೆಕಾಯಿ! ಆರು ವರ್ಷ ಮಾತು ಬಿಟ್ಟರು. ಒಲೆ ಮುಂದೆ ನಿಂತಾಗಲೆಲ್ಲ ಅದೇ ಕಥೆ; ಹೇಳಿದ ಪ್ರತಿ ಸಲವೂ ಆ ಕಾಯಿಗಳಲ್ಲಿ ಹುಳು ಹೆಚ್ಚಾಗುತ್ತಿದ್ದವು.

ಒಂದು ಸೋಮವಾರ ಮಧ್ಯಾಹ್ನ ನಾನು ಅವರ ಅಡುಗೆಮನೆಯಲ್ಲಿ ಹಿಟ್ಟು ರುಬ್ಬುತ್ತಿದ್ದಾಗ ತಂಗಿಯೇ ಬಂದರು. ಕಾಯಿಲೆಯಿಂದ ಎದ್ದವರು, ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ. ಕಂಕುಳಲ್ಲಿ ಅವರೆಕಾಯಿ ಚೀಲ. ಕಿಟಕಿಯಿಂದ ನೋಡಿದ ಓನರಮ್ಮ ನನ್ನ ರಟ್ಟೆ ಹಿಡಿದರು.

"ನಾನು ಮನೇಲಿಲ್ಲ ಅನ್ನು, ಹೋಗು."

"ಅಯ್ಯೋ, ಸೋಮವಾರ ಉಪವಾಸ ಇದೀನಿ ಅಮ್ಮ. ಸುಳ್ಳು ಹೇಗೆ ಹೇಳ್ಲಿ?"

"ಉಪವಾಸ ಹೊಟ್ಟೆಗೆ ಕಣೇ, ಬಾಯಿಗಲ್ಲ!"

ಹೇಳಿದೆ. ಮನೆ ಬಿಡಿಸಿಬಿಟ್ಟರೆ ಎಂಬ ಭಯ.

ತಂಗಿ ಜಗಲಿಯ ಮೇಲೆ ಕುಳಿತರು. ಒಳಗೆ ನಾಲ್ಕನೇ ದಿನದ ಬಸ್ಸಾರು ಕೊತಕೊತ ಕುದಿಯುತ್ತಿತ್ತು, ವಾಸನೆ ಬೀದಿಗೇ ಬರುತ್ತಿತ್ತು. ಆಕೆ ಒಮ್ಮೆ ಮೂಗೆಳೆದು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಬಸ್ಸಿನ ಹೊತ್ತಿನವರೆಗೂ ಕಾಯಿ ಸುಲಿಯುತ್ತ ಕುಳಿತಿದ್ದರು, ಆಗಾಗ ಬಾಗಿಲ ಕಡೆ ತಿರುಗುತ್ತ... ಏಳುವಾಗ ಕಾಳನ್ನು ನಾನು ತಂದುಕೊಟ್ಟ ಮೊರಕ್ಕೆ ಸುರಿದರು.

"ಮೊದಲ ಕೊಯ್ಲು ಅಂತ ಹೇಳಮ್ಮ. ಹಾಗೇ ಉರಿ ಸಣ್ಣ ಮಾಡ್ಕೋ ಅನ್ನು ನಮ್ಮಕ್ಕಂಗೆ. ತಳ ಹಿಡೀತಾ ಇದೆ."

ಒಳಗೆ ಹೋಗಿ ಅಷ್ಟನ್ನೂ ಹೇಳಿದೆ. ಓನರಮ್ಮ ಸೌಟು ಹಾಕಿ ತಿರುವಿದರು. ಕಪ್ಪು ಚೂರುಗಳು ಮೇಲೆ ಬಂದವು. "ಅಬ್ಬೋ, ದೊಡ್ಡ ಅಡುಗೆಯೋಳು! ಎಲ್ಲಿ ಹಿಡಿದಿದೆ?" ಎಂದು ಅದನ್ನೇ ಬಡಿಸಿಕೊಂಡು ಉಂಡರು.

ಮುಂದಿನ ಅವರೆ ಸುಗ್ಗಿಗೆ ತಂಗಿ ಇರಲಿಲ್ಲ. ತಿಥಿಗೆ ಹೋಗಿ ಬಂದ ಓನರಮ್ಮ ಮೊದಲು ಆಡಿದ ಮಾತು, "ಸಾರಿಗೆ ಉಪ್ಪೇ ಇರ್ಲಿಲ್ಲ." ಅಂದಿನಿಂದ ಆಕೆಯನ್ನು ಕಂಡರೆ ನನಗೆ ಅಸಹ್ಯ. ನಾವು ಮನೆ ಖಾಲಿ ಮಾಡುವ ದಿನ ಅವರ ಅಟ್ಟದ ಮೇಲೆ ಒಂದು ಡಬ್ಬಿ ಕಂಡೆ. ತಂಗಿ ಅಂದು ಸುಲಿದುಕೊಟ್ಟ ಆ ಕಾಳುಗಳು! ಒಣಗಿಸಿ ಇಟ್ಟಿದ್ದರು, ಒಂದನ್ನೂ ಬೇಯಿಸಿರಲಿಲ್ಲ. ನನಗೆ ಕರುಣೆ ಬರಲಿಲ್ಲ. ಬದುಕಿದ್ದವಳಿಗೆ ಬಾಗಿಲು ತೆಗೆಯದೆ, ಸತ್ತ ಮೇಲೆ ಕಾಳು ಕಾಯ್ದರೆ ಯಾರಿಗೆ ಏನು ಬಂತು?

ಈಗ ಓನರಮ್ಮನೂ ಇಲ್ಲ. ಚಿಕ್ಕಬಳ್ಳಾಪುರದ ಈ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಸಾರು ಇಡುವುದಿಲ್ಲ. ಸುಟ್ಟ ಪಾತ್ರೆಗೆ ನೀರು ಹಾಕಿ ನೆನೆಯಲು ಬಿಟ್ಟು, ಅರ್ಧ ಬಿಟ್ಟ ಪೂಜೆಗೆ ಬಂದು ಕುಳಿತೆ. ಆ ಸೋಮವಾರ ಒಂದು ತುತ್ತೂ ನನ್ನ ಬಾಯೊಳಕ್ಕೆ ಹೋಗಲಿಲ್ಲ, ಅದನ್ನು ದೇವರ ಮುಂದೆ ಧೈರ್ಯವಾಗಿ ಹೇಳಬಲ್ಲೆ. "ಒಳಗಿದಾರೆ, ಹೋಗಿ ಅಮ್ಮ" ಎಂಬ ಎರಡು ಮಾತು ಆ ಬಾಯಿಂದ ಹೊರಗೂ ಬರಲಿಲ್ಲ...